ಮೂಳೆ ಮುರಿದ ಮಗುವಿಗೆ ಎಮರ್ಜೆನ್ಸಿಯಲ್ಲಿ ಓಪಿಯಾಯ್ಡ್ ಕೊಡಬೇಕಾ, ಟ್ರಮಡಾಲ್ ಸಾಕಾ?

ಜೋಕಾಲಿಯಿಂದ ಬಿದ್ದ ಆರು ವರ್ಷದ ಹುಡುಗ, 20 ಕೆ.ಜಿ., ಮೊಣಕೈ ಮೇಲೆ ಮುರಿತ. ‘ಓಪಿಯಾಯ್ಡ್ (ಅಫೀಮು ಜಾತಿಯ ನೋವಿನ ಔಷಧಿ) ಚಟದ ಭಯ, ಟ್ರಮಡಾಲ್ ಕೊಟ್ಟು ಎಕ್ಸ್‌ರೇ ತನಕ ಕಾಯಲೇ’ ಅಂತ ಕೇಳಿದ್ದೀರಿ. ಟ್ರಮಡಾಲೂ ಬೇಡ, ಕಾಯೋದೂ ಬೇಡ. ಟ್ರಮಡಾಲ್ ಕೂಡ ಓಪಿಯಾಯ್ಡೇ, ಅದೂ ಮಕ್ಕಳಲ್ಲಿ ನಂಬಲಾಗದ್ದು. ಅದನ್ನು ಕೆಲಸ ಮಾಡುವ ರೂಪಕ್ಕೆ ತಿರುಗಿಸುವ ಲಿವರ್‌ನ ಸಿವೈಪಿ2ಡಿ6 ಕಿಣ್ವ ಒಂದೊಂದು ಮಗುವಿನಲ್ಲಿ ಒಂದೊಂದು ಥರ. ಕೆಲವರಿಗೆ ನೋವೇ ಇಳಿಯಲ್ಲ, ಕೆಲವರಿಗೆ ಉಸಿರೇ ಇಳಿಯುತ್ತೆ. 12 ವರ್ಷದೊಳಗಿನವರಿಗೆ ಟ್ರಮಡಾಲ್, ಕೋಡೀನ್ ಎರಡೂ ಕೂಡದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಹೇಳಿದೆ. ಇನ್ನು ಎಕ್ಸ್‌ರೇಗೆ ಕೈ ತಿರುಗಿಸುವಾಗಲೇ ಮಗು ಕಿರುಚೋದು, ನೋವಿನ ಔಷಧಿ ಅದಕ್ಕೆ ಮೊದಲೇ ಆಗಬೇಕು.

ಮೊದಲು ಮಣಿಕಟ್ಟಿನ ನಾಡಿ ನೋಡಿ, ಹೆಬ್ಬೆರಳು-ತೋರುಬೆರಳು ಸೇರಿಸಿ ‘ಓಕೆ’ ಮಾಡಿಸಿ ನರ ಸರಿಯಿದೆಯೇ ನೋಡಿ, ಬರೆದಿಡಿ. ಆಮೇಲೆ ಮೂಗಿಗೆ ಫೆಂಟನಿಲ್ (ಇದೂ ಓಪಿಯಾಯ್ಡೇ), ಕೆ.ಜಿ.ಗೆ 1.5 ಮೈಕ್ರೋಗ್ರಾಂ. ರಕ್ತನಾಳಕ್ಕೆ ಸೂಜಿ (ಐವಿ) ಹಾಕೋ ತನಕ ಕಾಯೋದೇ ಬೇಡ.

ಎಲ್ಲರೂ ಎಡವೋದು ಇಲ್ಲಿ. 30 ಮೈಕ್ರೋಗ್ರಾಂ ಅಂದರೆ ಮಿ.ಲೀ.ಗೆ 50 ಮೈಕ್ರೋಗ್ರಾಂ ಇರುವ ಆಂಪೂಲ್‌ನಲ್ಲಿ 0.6 ಮಿ.ಲೀ. ಅಷ್ಟೇ ಎಳೆದರೆ ಸುಮಾರು 0.1 ಮಿ.ಲೀ. ಅಟಮೈಸರ್ (ಔಷಧಿಯನ್ನು ಮಂಜಾಗಿ ಸಿಂಪಡಿಸೋ ಸಿರಿಂಜ್ ಮೂತಿ) ತುದಿಯಲ್ಲೇ ಉಳಿಯುತ್ತೆ, ಮಗುವಿಗೆ ಸಿಗೋದು 25 ಮೈಕ್ರೋಗ್ರಾಂ. ಹತ್ತು ಕೆ.ಜಿ. ಮಗುವಾದರೆ 0.3ರಲ್ಲಿ 0.1, ಮೂರನೇ ಒಂದು ಭಾಗ ಹೋಯ್ತು! ಆಮೇಲೆ ‘ಫೆಂಟನಿಲ್ ಕೆಲಸ ಮಾಡಲ್ಲ’ ಅಂತ ಔಷಧಿಗೆ ಕೆಟ್ಟ ಹೆಸರು. ಹಾಗಾಗಿ 0.7 ಎಳೆದು, ಅಟಮೈಸರ್ ಹಾಕಿ, ತುದಿಯ ಗಾಳಿ ಹೊರಹೋಗುವಷ್ಟು ಒತ್ತಿ, ಒಂದೊಂದು ಹೊಳ್ಳೆಗೆ 0.3. ಸಿಂಬಳ ಇದ್ದರೆ ಮೊದಲು ಒರೆಸಿ. ಪಿಸ್ಟನ್ ಜೋರಾಗಿ ಒತ್ತಿ. ನಿಧಾನಕ್ಕೆ ಒತ್ತಿದರೆ ಮಂಜಾಗದೆ ಹನಿಯಾಗಿ ಗಂಟಲಿಗೆ ಇಳಿಯುತ್ತೆ, ನುಂಗಿದ ಔಷಧಿ ದಂಡ.

ಹತ್ತು ನಿಮಿಷದಲ್ಲಿ ಮತ್ತೆ ನೋವು ಕೇಳಿ, ಬೇಕಾದರೆ ಅರ್ಧ ಡೋಸ್ ಸೇರಿಸಿ. ಪಲ್ಸ್ ಆಕ್ಸಿಮೀಟರ್ ಹಾಕಿರಲಿ, ಉಸಿರು ಕೊಡೋ ಬ್ಯಾಗ್-ಮಾಸ್ಕ್, ಓಪಿಯಾಯ್ಡ್ ಪರಿಣಾಮ ಇಳಿಸೋ ನಲೊಕ್ಸೋನ್ ಕೈಗೆಟುಕುವಂತಿರಲಿ. ಸ್ಪ್ಲಿಂಟ್ ಕಟ್ಟಿ, ಕೆ.ಜಿ.ಗೆ 15 ಮಿ.ಗ್ರಾಂ ಪ್ಯಾರಾಸಿಟಮಾಲ್ ಜತೆಗಿರಲಿ.

ಚಟದ ಮಾತು: ಎಮರ್ಜೆನ್ಸಿಯ ಒಂದೆರಡು ಡೋಸ್‌ಗೆ ಚಟ ಹತ್ತಲ್ಲ. ಭಯ ಪಡೋದಾದರೆ ಮನೆಗೆ ಕಳಿಸೋ ಓಪಿಯಾಯ್ಡ್ ಬಾಟಲಿಗೆ ಪಡಿ. ಅಲ್ಲಿಗೆ ಐಬುಪ್ರೊಫೆನ್ ಸಾಕು.

ನನ್ನ ಕೇಳಿದರೆ ನಮ್ಮಲ್ಲಿ ನಿಜವಾದ ತೊಡಕು ಫೆಂಟನಿಲ್ ಇಟ್ಟ ಬೀರುವಿನ ಬೀಗದ ಕೈ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಪರವಾನಗಿ ಸರಳವಾದರೂ, ರಾತ್ರಿ ಪಾಳಿಯಲ್ಲಿ ಕೀ ಯಾರ ಹತ್ತಿರ ಅಂತ ಮೊದಲೇ ತಿಳಿದಿಟ್ಟುಕೊಳ್ಳಿ. ಫೆಂಟನಿಲ್ ಸಿಗದಿದ್ದರೆ ಮೂಗಿಗೆ ಕೆಟಮೈನ್, ಕೆ.ಜಿ.ಗೆ 1 ಮಿ.ಗ್ರಾಂ. ಆದರೆ ಮಿ.ಲೀ.ಗೆ 50 ಮಿ.ಗ್ರಾಂ ಇರುವ ವಯಲ್ಲೇ ಬೇಕು. 10ರದ್ದಾದರೆ ಈ ಹುಡುಗನ ಮೂಗಿಗೆ 2 ಮಿ.ಲೀ. ಸುರಿಯಬೇಕಾಗುತ್ತೆ.