ಎಂಜಿನ್ ನಿಂತರೆ ಸಣ್ಣ ವಿಮಾನ ಕಲ್ಲಿನಂತೆ ಬೀಳುತ್ತದೆಯೇ?

ಇಲ್ಲ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆ. ಎಂಜಿನ್ ಕೊಡುವುದು ಓಟ. ಎಂಜಿನ್ ಕೈಕೊಟ್ಟರೆ ಇರುವ ಎತ್ತರವನ್ನೇ ಖರ್ಚು ಮಾಡಿ ಆ ಓಟವನ್ನು ಉಳಿಸಿಕೊಳ್ಳಬೇಕು. ತರಬೇತಿಗೆ ಬಳಸುವ ಸಣ್ಣ ವಿಮಾನ ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ.

ನನಗೆ ಇದು ಆದದ್ದು ತರಬೇತಿಯ ದಿನಗಳಲ್ಲಿ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ಮಂಜು ಆಗಷ್ಟೇ ಸರಿದಿತ್ತು. ನೆಲದಿಂದ 2,500 ಅಡಿ ಮೇಲಿದ್ದೆವು. ಎಂಜಿನ್ನಿನ ಸುತ್ತು ಮೆಲ್ಲಗೆ ಇಳಿಯುತ್ತಿದ್ದರೂ ನಾನು ಕಾರಣ ಯೋಚಿಸದೆ ಎಂಜಿನ್ನಿನ ಶಕ್ತಿ ಏರಿಸುವ ಥ್ರಾಟಲ್ ಒತ್ತುತ್ತಾ ಹೋದೆ. ಹೊರಗೆ 20 ಡಿಗ್ರಿ ಇದ್ದರೂ ತೇವದ ಗಾಳಿಯಲ್ಲಿ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಬಲ್ಲದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಬಿಸಿಯನ್ನು ಹೀರಿಬಿಡುತ್ತದೆ. ಕೊನೆಗೆ ಅದನ್ನು ಕರಗಿಸುವ ಬಿಸಿಗಾಳಿಯ ಗುಂಡಿ ಎಳೆದೆ. ಎಂಜಿನ್ ಇನ್ನಷ್ಟು ಕೆಮ್ಮಿತು. ಕರಗಿದ ನೀರು ಒಳಹೋಗುವಾಗ ಕೆಮ್ಮುವುದು ಸಹಜ, ಪುಸ್ತಕದಲ್ಲಿ ಓದಿಯೂ ಇದ್ದೆ. ಆದರೂ ಹೆದರಿ ಗುಂಡಿಯನ್ನು ಮತ್ತೆ ತಳ್ಳಿಬಿಟ್ಟೆ. ತರಬೇತುದಾರರು ಅದನ್ನು ಎಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಬಿಸಿ ಬರುವುದು ಎಂಜಿನ್ನಿನ ಹೊಗೆಕೊಳವೆಯಿಂದ. ಎಂಜಿನ್ನೇ ಸತ್ತ ಮೇಲೆ ಬಿಸಿ ಎಲ್ಲಿಂದ?

ಪ್ರೊಪೆಲ್ಲರ್ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು. ಆಗ ಕೈ ತಾನಾಗಿಯೇ ವಿಮಾನದ ಮೂಗನ್ನು ಮೇಲೆತ್ತಲು ನೋಡುತ್ತದೆ. ಎತ್ತಿದರೆ ವೇಗ ಸೋರಿಹೋಗಿ ರೆಕ್ಕೆ ಹಿಡಿತ ಬಿಡುತ್ತದೆ, ನಿಮ್ಮ ಕಲ್ಲಿನ ಮಾತು ನಿಜವಾಗುವುದು ಆಗ. ಮೂಗು ಇಳಿಸಿ ವೇಗವನ್ನು 65 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್‌ನಲ್ಲಿ ನಿಲ್ಲಿಸಿದೆವು. ಕೈಯಲ್ಲಿದ್ದದ್ದು ಮೂರು ನಿಮಿಷ ಚಿಲ್ಲರೆ.

ತರಬೇತುದಾರರು ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಹೇಳಿ, ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ನನಗೆ ಹೊಲ ನೋಡುವ ಕೆಲಸ. ಕಬ್ಬು ಬೇಡ, ತೆಂಗಂತೂ ಬೇಡವೇ ಬೇಡ. ಕಟಾವಾದ ರಾಗಿ ಹೊಲವೊಂದನ್ನು ತೋರಿಸಿದೆ. "ತಂತಿ ಹುಡುಕಬೇಡ, ಕಾಣುವುದಿಲ್ಲ. ಕಂಬ ನೋಡು" ಎಂದರು. ನೋಡಿದರೆ ಬೋರ್‌ವೆಲ್ಲಿಗೆ ಹೋಗುವ ಮೂರು ಕಂಬ, ನಾವು ಇಳಿಯಬೇಕಾದ ದಾರಿಗೆ ಅಡ್ಡಲಾಗಿ! ಪಕ್ಕದ ಹೊಲಕ್ಕೆ ತಿರುಗಿಸಿದರು. ಉಳುಮೆಯ ಸಾಲಿನ ಗುಂಟವೇ ಇಳಿಸಿದರು. ಅಡ್ಡಕ್ಕೆ ಇಳಿದರೆ ಚಕ್ರ ಸಿಕ್ಕಿ ಮಗುಚುವ ಭಯ. ಇಳಿಯುವ ಮೊದಲೇ ಬಾಗಿಲ ಚಿಲಕ ತೆಗೆದಿಟ್ಟಿದ್ದೆ, ಚೌಕಟ್ಟು ನುಗ್ಗಾದರೆ ಬಾಗಿಲು ತೆರೆಯುವುದಿಲ್ಲ. ಕೂಳೆಗಳು ತಟತಟ ಬಡಿದವು. ಬದುವಿಗೆ ಹತ್ತು ಮಾರು ಇರುವಾಗ ನಿಂತೆವು.

ಮರುದಿನ ಮೆಕ್ಯಾನಿಕ್ ಬಂದು ಕಾರ್ಬ್ಯುರೇಟರ್ ಬಿಚ್ಚಿದ. ಮಂಜುಗಡ್ಡೆ ಕರಗಿ ಆರಿಹೋಗಿ, ಒಂದು ಹನಿ ನೀರೂ ಇರಲಿಲ್ಲ. ಜೋಡಿಸಿ ಚಾಲೂ ಮಾಡಿದರೆ ಎಂಜಿನ್ ಮೊದಲ ಸುತ್ತಿಗೇ ಶುರುವಾಯಿತು.