ಮನೆ ಕೆಳಗಿನ ಕಿರಾಣಿ ಅಂಗಡಿ ಅರ್ಜಿ ವಾಪಸ್ ಬಂದಿದ್ದಕ್ಕೆ ಪ್ರತಿಕ್ರಿಯೆ
ಬಳ್ಳಾರಿಯಲ್ಲಿ ಮನೆ ಕೆಳಗೆ ಕಿರಾಣಿ ಅಂಗಡಿ ಇಡಲು ಕೊಟ್ಟ ಅರ್ಜಿ ಯಾಕೆ ವಾಪಸ್ ಬಂತು ಅಂತ ಕೇಳಿದ್ದೀರಿ. ಅದರಲ್ಲಿ ‘ಅಕ್ಕಿ ಚೀಲ ಸ್ಟಾಕ್ ಮತ್ತು ಮಾರಾಟ’ ಅಂತ ಬರೆದಿದ್ದೀರಲ್ಲ, ಬಹುಶಃ ಅದೇ ಕಾರಣ. ಓದಿದವರು ಗೋದಾಮು ಅಂದುಕೊಂಡಿದ್ದಾರೆ. ನನಗೂ ಹೀಗೇ ಆಗಿತ್ತು. ಊರಿನ ಯಾವ ಭಾಗದಲ್ಲಿ ಏನು ನಡೆಸಬಹುದು ಅಂತ ಹೇಳೋ ವಲಯ ನಿಯಮದಲ್ಲಿ ಚಿಲ್ಲರೆ ಅಂಗಡಿ ಬೇರೆ, ಸಗಟು ಮತ್ತು ಗೋದಾಮು ಬೇರೆ.

ಮೊದಲು ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನಿಮ್ಮ ಸೈಟು ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯ ಯಾವ ವಲಯದಲ್ಲಿದೆ ಅಂತ ನೋಡಿಸಿ. ವಸತಿ ವಲಯ ಅಂದರೆ ಅದರ ಕೆಳಗೆ ಎರಡು ಪಟ್ಟಿ ಇರುತ್ತವೆ, ನೇರವಾಗಿ ಒಪ್ಪುವ ಬಳಕೆ ಒಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದದ್ದು ಇನ್ನೊಂದು. ಕಿರಾಣಿ ಯಾವುದರಲ್ಲಿದೆ, ಎಷ್ಟು ಚದರ ಮೀಟರ್‌ವರೆಗೆ, ರಸ್ತೆ ಎಷ್ಟು ಅಗಲ ಬೇಕು, ಬರೆದುಕೊಳ್ಳಿ. ಇದು ಊರಿಂದ ಊರಿಗೆ ಬದಲಾಗುತ್ತೆ, ಕೊಪ್ಪಳದ ಲೆಕ್ಕ ಇಲ್ಲಿ ನಡೆಯಲ್ಲ.

ನಿಜಕ್ಕೂ ಚಿಲ್ಲರೆ ಮಾರಾಟ ಮಾತ್ರ ಆದರೆ ಹಾಗಂತಲೇ ಬರೆದು, ಅಂಗಡಿಯ ಅಳತೆ ತೋರಿಸೋ ನಕ್ಷೆ ಹಚ್ಚಿ ಮತ್ತೆ ಕೊಡಿ. ಕಿರಾಣಿ ಎರಡೂ ಪಟ್ಟಿಯಲ್ಲಿ ಇಲ್ಲದಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಭೂಬಳಕೆ ಬದಲಾವಣೆ, ಅಂದರೆ ಆ ಜಾಗಕ್ಕೆ ಯೋಜನೆಯಲ್ಲಿ ಗೊತ್ತು ಮಾಡಿದ ಬಳಕೆಯನ್ನೇ ಬದಲಿಸಲು, ಕೇಳಬೇಕು.