ಮಗು ಓಡಿದ್ರೆ ಸಾಕು, ನಮ್ಮ ಕೋಲಿ ಹಿಂದೇನೇ ಓಡುತ್ತೆ

ಪ್ರಶ್ನೆ: ನಮಸ್ತೆ ಮೇಡಂ, ನಮ್ಮನೇಲಿ ರಫ್ ಕೋಲಿ ಜಾತಿ ನಾಯಿ ಇದೆ, ಗಂಡು, ಈಗ ಹತ್ತು ತಿಂಗಳು. ಸ್ವಭಾವ ಬಂಗಾರ. ಆದ್ರೆ ಐದು ವರ್ಷದ ಮಗಳು ಓಡಾಡೋಕೆ ಶುರು ಮಾಡಿದ್ರೆ ಸುತ್ತು ಹಾಕ್ಕೊಂಡು ಬೊಗಳುತ್ತೆ, ಹಿಮ್ಮಡಿ ಹತ್ರ ಬಾಯಿ ಹಾಕುತ್ತೆ. ಗಾಯ ಆಗಿಲ್ಲ, ಆದ್ರೂ ಅತ್ತೆಗೆ ಭಯ, ಯಾರಿಗಾದ್ರೂ ಕೊಟ್ಬಿಡಿ ಅಂತಾರೆ. ಇನ್ನೊಂದು, ಬೇಸಿಗೆ ಬರ್ತಿದೆ, ಕೂದಲು ಪೂರ್ತಿ ಬೋಳಿಸ್ಬಿಡೋಣ ಅಂತ ಯಜಮಾನ್ರು. ಏನ್ಮಾಡ್ಲಿ?

ಉತ್ತರ: ಕೊಟ್ಬಿಡೋ ಯೋಚ್ನೆ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಹೇಳ್ತಿರೋದು ಕಚ್ಚೋ ನಾಯಿ ಲಕ್ಷಣ ಅಲ್ಲ, ಕುರಿ ಕಾಯೋ ನಾಯಿ ಲಕ್ಷಣ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಇದರ ಹಿರೀಕರು ಮಾಡ್ತಿದ್ದಿದ್ದೇ ಅದು, ಗುಂಪು ಬಿಟ್ಟು ಓಡಿದ ಕುರೀನ ಸುತ್ತು ಹಾಕಿ ವಾಪಸ್ ತರೋದು. ವಿಕ್ಟೋರಿಯಾ ರಾಣಿ 1860ರ ದಶಕದಲ್ಲಿ ಸ್ಕಾಟ್ಲೆಂಡಿನ ತಮ್ಮ ಬಾಲ್ಮೋರಲ್ ಅರಮನೇಲಿ ಕೋಲಿ ಸಾಕಿದ ಮೇಲೇನೇ ಈ ತಳಿ ಕುರಿ ಹಟ್ಟಿಯಿಂದ ಮನೆಯೊಳಗೆ ಬಂದಿದ್ದು, ಆದ್ರೆ ಒಳಗೆ ಬಂದ ಮಾತ್ರಕ್ಕೆ ರಕ್ತದಲ್ಲಿರೋ ಕೆಲಸ ಹೋಗುತ್ತಾ? ನಿಮ್ಮ ಮಗಳು ಓಡ್ತಾಳೆ, ಕಿರುಚ್ತಾಳೆ, ಅದಕ್ಕೆ ಅವಳೇ ಕುರಿಮರಿ.

ಹಾಗಂತ ಬಿಟ್ಬಿಡೋ ಹಾಗಿಲ್ಲ, ಬೆಳೆದ ಗಂಡು ಕೋಲಿ 25-30 ಕೆಜಿ ತೂಗುತ್ತೆ, ಪ್ರೀತಿಯಿಂದ ತಳ್ಳಿದ್ರೂ ಮಗು ಬಿದ್ದೇ ಬೀಳುತ್ತೆ. ಮಗು ಆಡೋ ಹೊತ್ತಲ್ಲಿ ನಾಯಿಗೆ ಉದ್ದನೆ ಲೀಶ್ ಹಾಕಿ ನೀವು ಹತ್ರಾನೇ ಇರಿ. ಓಡೋಕೆ ಮುಂಚೆ ಒಂದು ಕ್ಷಣ ಇರುತ್ತೆ ಗಮನಿಸಿ, ತಲೆ ತಗ್ಗುತ್ತೆ, ಕಣ್ಣು ಮಗು ಮೇಲೆ ನೆಟ್ಟುಬಿಡುತ್ತೆ, ಮೈ ಸ್ವಲ್ಪ ಕುಗ್ಗುತ್ತೆ. ಆಗ್ಲೇ ಹೆಸರಿಟ್ಟು ಕರೀರಿ, ಬಂದ ತಕ್ಷಣ ತಿನ್ನೋಕೆ ಕೊಡಿ. ಓಡಿದ ಮೇಲೆ ಕೂಗಿದ್ರೆ ಏನೂ ಉಪಯೋಗ ಇಲ್ಲ. ಹೊಡೀಬೇಡಿ ದಯವಿಟ್ಟು, ಕೋಲಿ ತುಂಬಾ ಸೂಕ್ಷ್ಮ ನಾಯಿ, ಮನೆಯವರ ದನಿ ಗಟ್ಟಿಯಾದ್ರೇ ಮೂಲೆ ಸೇರ್ಕೊಂಡು ಬಿಡುತ್ತೆ. ಮಗಳಿಗೂ ಹೇಳ್ಕೊಡಿ, ನಾಯಿ ಹಿಂದೆ ಬಂದ್ರೆ ಕಿರುಚದೆ ಕೈಕಟ್ಟಿ ಮರದ ಥರ ನಿಂತ್ಕೋ ಅಂತ. ಕುರಿ ನಿಂತ್ಬಿಟ್ರೆ ಅಟ್ಟೋಕೇನಿದೆ! ದಿನಕ್ಕೆ ಒಂದು ಗಂಟೆ ವಾಕಿಂಗು, ಜೊತೆಗೆ ತಲೆಗೊಂದಿಷ್ಟು ಕೆಲಸ, ಆಟದ ಸಾಮಾನು ಬಚ್ಚಿಟ್ಟು ಹುಡುಕ್ಸೋದು, ಹೇಳಿದ್ದು ಎತ್ಕೊಂಡ್ ಬರೋದು, ಇಷ್ಟಿದ್ರೆ ಅರ್ಧ ಬೊಗಳಾಟ ಕಮ್ಮಿಯಾಗುತ್ತೆ. ಗುರುಗುಟ್ಟೋದೋ, ಮೈ ಸೆಟೆದು ನಿಲ್ಲೋದೋ, ಚರ್ಮ ಹರಿಯೋ ಹಾಗೆ ಹಲ್ಲು ಊರೋದೋ ಕಂಡ್ರೆ ಮಾತ್ರ ತಡ ಮಾಡ್ದೆ ವೆಟ್‌ಗೆ, ಅಂದ್ರೆ ಪಶುವೈದ್ಯರಿಗೆ ತೋರ್ಸಿ.

ಕೂದಲು ಬೋಳಿಸ್ಬೇಡಿ. ಮೇಲೆ ಉದ್ದ ಒರಟು ಕೂದಲು, ಒಳಗೆ ಹತ್ತಿ ಥರ ಮೆತ್ತನೆ ಪದರ, ಎರಡೂ ಸೇರಿ ಬಿಸಿಲು ನೇರ ಚರ್ಮಕ್ಕೆ ಬಡೀದ ಹಾಗೆ ತಡೀತವೆ, ಬೋಳಿಸಿದ್ರೆ ಚರ್ಮ ಸುಡುತ್ತೆ, ಕೆಲವಕ್ಕೆ ಕೂದಲು ಮೊದಲಿನ ಹಾಗೆ ಬರೋದೂ ಇಲ್ಲ. ಸೆಕೆ ಮಾಡೋದು ಉದುರಿ ಒಳಗೇ ಸಿಕ್ಕಾಕ್ಕೊಂಡಿರೋ ಕೂದಲು. ಮೇಲ್ಮೇಲೆ ಬಾಚಿದ್ರೆ ನೋಡೋಕೆ ಚೆಂದ, ಒಳಗೆ ಹಾಗೇ ಗಂಟು. ಒಂದು ಕೈಯಲ್ಲಿ ಕೂದಲು ಮೇಲಕ್ಕೆತ್ತಿ ಹಿಡ್ಕೊಂಡು ಚರ್ಮ ಕಾಣೋ ಹಾಗೆ ಬೈತಲೆ ತೆಗೀರಿ, ಅಲ್ಲಿಂದ ಸಾಲು ಸಾಲಾಗಿ ಬಾಚ್ತಾ ಬನ್ನಿ, ವಾರಕ್ಕೆ ಎರಡ್ಮೂರು ಸಲ. ಕಿವಿ ಹಿಂದಿನ ರೇಷ್ಮೆಯಂಥ ಕೂದಲು ಮತ್ತೆ ಮುಂಗಾಲಿನ ಕಂಕುಳು ಮರೀಬೇಡಿ, ನಮ್ಮ ನಾಯಿಗೆ ಕಿವಿ ಹಿಂದೆ ನಿಂಬೆಹಣ್ಣು ಗಾತ್ರದ ಗಂಟಾಗಿ ಅದರ ಕೆಳಗಿನ ಚರ್ಮ ಕೆಂಪಾಗಿ ಒದ್ದೆಯಾಗಿತ್ತು, ಮುಟ್ಟಿದ್ರೆ ತಲೆ ಎಳ್ಕೊಳ್ತಿತ್ತು ಪಾಪ. ಅಂಗಾಲಿನ ಮಧ್ಯದ ಕೂದಲು ಕತ್ತರಿಸ್ಬಹುದು. ಬಿಸಿಲೇರೋ ಮುಂಚೆ ವಾಕಿಂಗ್ ಮುಗಿಸ್ಬಿಡಿ.

ನೀವು ಕೇಳಿಲ್ಲ, ಆದ್ರೂ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದು. ತುಂಬಾ ಕೋಲಿಗಳಲ್ಲಿ ಎಂಡಿಆರ್1 ಅನ್ನೋ ಜೀನ್‌ನಲ್ಲಿ ದೋಷ ಇರುತ್ತೆ, 2001ರಲ್ಲಿ ಇದು ಪತ್ತೆಯಾಗಿದ್ದು. ಕೆಲವು ಔಷಧಿ ಮೆದುಳಿಗೆ ಹೋಗದ ಹಾಗೆ ಹೊರಗೆ ತಳ್ಳೋ ಪಂಪ್ ಈ ನಾಯಿಗಳಲ್ಲಿ ಕೆಲಸ ಮಾಡಲ್ಲ. ಹಾಗಾಗಿ ಕಜ್ಜಿಗೆ ಅಂತ ಜಾಸ್ತಿ ಡೋಸ್ ಐವರ್‌ಮೆಕ್ಟಿನ್ (ಹುಳ, ಕಜ್ಜಿ ಕ್ರಿಮಿ ಕೊಲ್ಲೋ ಔಷಧಿ) ಕೊಟ್ರೆ ತೂರಾಡೋದು, ಜೊಲ್ಲು ಸುರಿಸೋದು, ಫಿಟ್ಸ್, ಕೋಮಾ ತನಕ ಹೋಗ್ಬಹುದು. ಭೇದಿ ನಿಲ್ಲೋಕೆ ನಾವು ನುಂಗೋ ಲೋಪೆರಮೈಡ್ ಕೂಡ ಹಾಗೇ, ಮನೇಲಿದೆ ಅಂತ ಕೊಡ್ಲೇಬೇಡಿ. ಐವರ್‌ಮೆಕ್ಟಿನ್ ಹಾಕಿದ ದನ, ಕುದುರೆಗಳ ಸಗಣಿ ಲದ್ದಿಗೂ ಬಾಯಿ ಹಾಕೋಕೆ ಬಿಡ್ಬೇಡಿ. ಹಾರ್ಟ್‌ವರ್ಮ್, ಅಂದ್ರೆ ಹೃದಯದ ಹುಳ, ಬರದ ಹಾಗೆ ತಿಂಗಳಿಗೊಮ್ಮೆ ಕೊಡೋ ಮಾತ್ರೇಲಿ ಡೋಸ್ ತೀರಾ ಕಮ್ಮಿ, ವೆಟ್ ಹೇಳಿದ ಹಾಗೆ ಕೊಟ್ರೆ ಭಯ ಇಲ್ಲ. ಕೆನ್ನೆ ಒಳಗೆ ಕಡ್ಡಿಯಿಂದ ಒರೆಸಿ ತೆಗೆಯೋ ಸ್ವಾಬ್‌ನಿಂದ ಈ ಜೀನ್ ದೋಷದ ಟೆಸ್ಟ್ ಆಗುತ್ತೆ, ಜೀವನಕ್ಕೆ ಒಂದ್ಸಲ ಸಾಕು. ರಿಪೋರ್ಟ್ ಬರೋ ತನಕ ದೋಷ ಇದೆ ಅಂತಾನೇ ಇಟ್ಕೊಳ್ಳಿ, ಯಾವ ವೆಟ್ ಹತ್ರ ಹೋದ್ರೂ ಇಂಜೆಕ್ಷನ್‌ಗೆ ಮುಂಚೆ "ಇದು ಕೋಲಿ ಡಾಕ್ಟ್ರೇ" ಅಂತ ನೀವೇ ಹೇಳಿ.